ಪ್ರತಿ: ಸೀನಿಯರ್ ಬಿಟ್ಟುಹೋದ ಪಿಎಚ್‌ಡಿ ಕೋಡ್ ಹೊಸ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ

ನಿಮ್ಮ ಸೀನಿಯರ್ ಬಿಟ್ಟುಹೋದ 2014ರ ಕೋಡ್ ಹೊಸ ಕಂಪ್ಯೂಟರಿನಲ್ಲಿ ಪ್ರಿಂಟ್ ಸಾಲಿನಲ್ಲೇ ಎರರ್ ಕೊಟ್ಟು ನಿಲ್ಲುತ್ತಿದೆ ಅಂದರೆ, ಬಹುಶಃ ಅದು ಪೈಥಾನ್ ಭಾಷೆಯ ಹಳೇ ಆವೃತ್ತಿಯಾದ ಪೈಥಾನ್ 2ಕ್ಕೆ ಬರೆದದ್ದು. ಅದರ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ.

ದಯವಿಟ್ಟು ಈಗಲೇ ತಿದ್ದಲು ಕೂರಬೇಡಿ. ಲ್ಯಾಬಿನ ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತದೆ ಅಂದಿದ್ದೀರಿ, ಅಲ್ವಾ? ಅದನ್ನು ಯಾರೂ ಫಾರ್ಮ್ಯಾಟ್ ಮಾಡದ ಹಾಗೆ ನೋಡಿಕೊಳ್ಳಿ. ಮೊದಲು ಇಡೀ ಫೋಲ್ಡರನ್ನು ಇದ್ದ ಹಾಗೇ ನಕಲು ಮಾಡಿ ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ಹಾಕಿ. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಪಿಪ್ ಫ್ರೀಜ್ (pip freeze) ಎಂಬ ಕಮಾಂಡ್ ಓಡಿಸಿ, ಯಾವ ಲೈಬ್ರರಿಯ ಯಾವ ಆವೃತ್ತಿ ಇದೆ ಎಂಬ ಪಟ್ಟಿ ಉಳಿಸಿ. ಹಳೇ ಡೇಟಾ ಕೊಟ್ಟು ಒಮ್ಮೆ ಓಡಿಸಿ, ಬಂದ ಉತ್ತರವನ್ನೂ ಇಟ್ಟುಕೊಳ್ಳಿ.

ಈ ಕೊನೇ ಹೆಜ್ಜೆ ಬಿಡಲೇಬೇಡಿ. ಪೈಥಾನ್ 2ರಲ್ಲಿ 7/2 ಅಂದರೆ 3, ಪೈಥಾನ್ 3ರಲ್ಲಿ 3.5. ಎರರ್ ಏನೂ ಬರುವುದಿಲ್ಲ, ಗ್ರಾಫ್ ಮಾತ್ರ ಸುಮ್ನೆ ಬದಲಾಗಿಬಿಡುತ್ತದೆ. ನನಗೆ ಇದನ್ನು ಹಿಡಿಯಲು ವಾರಗಟ್ಟಲೆ ಬೇಕಾಯಿತು. ಹಳೇ ಉತ್ತರ ಕೈಯಲ್ಲಿದ್ದರೆ ಹೋಲಿಸಿ ನೋಡಬಹುದು.

ಲೈಬ್ರರಿಗಳ ಆ ಪಟ್ಟಿ ಹಿಡಿದು ಪೈಥಾನ್ 2.7 ಇರುವ ಡಾಕರ್ ಇಮೇಜ್ ಕಟ್ಟಿ, ಅಂದರೆ ಕೋಡಿಗೆ ಬೇಕಾದ ಹಳೇ ತಂತ್ರಾಂಶಗಳೆಲ್ಲ ಒಟ್ಟಿಗಿದ್ದು ಬೇರೆ ಕಂಪ್ಯೂಟರಿನಲ್ಲೂ ಓಡುವ ಪೊಟ್ಟಣ. ಕೋಡ್ ಒಳಗೆ ಸಿ ಅಥವಾ ಫೋರ್ಟ್ರಾನ್ ಭಾಷೆಯ ತುಂಡುಗಳಿದ್ದರೆ ಇಷ್ಟೇ ಸಾಕಾಗದಿರಬಹುದು, ಫೋಲ್ಡರ್ ನೋಡದೆ ಖಚಿತವಾಗಿ ಹೇಳಲಾರೆ. ಪೈಥಾನ್ 3ಕ್ಕೆ ಬದಲಿಸುವ ಕೆಲಸ ಇದೆಲ್ಲ ಆದ ಮೇಲೆ.

ಕೋಡನ್ನು ಎಲ್ಲರಿಗೂ ಸಿಗುವ ಹಾಗೆ ಹೊರಗೆ ಹಾಕುವ ಮುಂಚೆ ಬರೆದವರನ್ನೂ ಗೈಡನ್ನೂ ಕೇಳಿ, ಲೈಸೆನ್ಸ್ ಫೈಲ್ ಸೇರಿಸಿ. ನಂತರ ಗಿಟ್‌ಹಬ್ ಜಾಲತಾಣದಲ್ಲಿ ಕೋಡ್ ಇಟ್ಟ ರೆಪೊವನ್ನು, ಯುರೋಪಿನ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೋಡೊ ಎಂಬ ಸಂಶೋಧನಾ ಸಂಗ್ರಹಕ್ಕೆ ಜೋಡಿಸಿ, ಆಮೇಲೆ ಗಿಟ್‌ಹಬ್‌ನಲ್ಲಿ ರಿಲೀಸ್ ಮಾಡಿ. ಖರ್ಚಿಲ್ಲದೆ ಡಿಒಐ, ಅಂದರೆ ಬೇರೆಯವರು ಉಲ್ಲೇಖಿಸಲು ಬಳಸುವ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆ. ಅಲ್ಲಿ ಲೇಖಕರ ಪಟ್ಟಿಯಲ್ಲಿ ನಿಮ್ಮ ಸೀನಿಯರ್ ಹೆಸರು ಮೊದಲು ಬರಲಿ.