ಸಂಪಾದಕರ ಉತ್ತರ: ರಾಜಭವನದ ಗಡಿಯಾರ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಸಂಜೆ ಜಯದೇವ ವೃತ್ತದ ಬಳಿ ಸೇರುವ ನಮ್ಮ ಗುಂಪಿನಲ್ಲಿ ರಾಜ್ಯಪಾಲರ ವಿಷಯಕ್ಕೆ ಜಗಳವೇ ಆಯಿತು. ಅವರು ಬರೀ ರಬ್ಬರ್ ಸ್ಟಾಂಪ್ ಎಂದು ನನ್ನ ವಾದ. ಹಾಗಾದರೆ ಬೊಮ್ಮಾಯಿ ಸರ್ಕಾರವನ್ನು ಬೀಳಿಸಿದ್ದು ಯಾರು ಎಂದು ಗೆಳೆಯರು ಕೇಳಿದಾಗ ಸುಮ್ಮನಾದೆ. ಯಾರದು ಸರಿ?’

ಸ್ವಾಮಿ, ಅಷ್ಟು ಬೇಗ ಸೋಲೊಪ್ಪಬೇಕಿರಲಿಲ್ಲ. ಸರ್ಕಾರವನ್ನು ವಜಾ ಮಾಡುವ ಆದೇಶಕ್ಕೆ ಸಹಿ ಬಿದ್ದದ್ದು ದೆಹಲಿಯಲ್ಲಿ, ರಾಷ್ಟ್ರಪತಿಗಳದ್ದು. ಆದರೆ ಆ ಸಹಿಗೆ ದಾರಿ ಮಾಡಿದ ವರದಿ ಹೊರಟಿದ್ದು ಬೆಂಗಳೂರಿನ ರಾಜಭವನದಿಂದ. 1989ರ ಏಪ್ರಿಲ್‌ನಲ್ಲಿ, ಬೆಂಬಲ ಹಿಂಪಡೆದಿದ್ದೇವೆ ಎಂಬ 19 ಶಾಸಕರ ಪತ್ರಗಳು ಅಲ್ಲಿಗೆ ಬಂದವು. ಅವರಲ್ಲೇ ಕೆಲವರು ಬೆನ್ನಲ್ಲೇ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಒಪ್ಪಲಿಲ್ಲ. 21ರಂದು ಸರ್ಕಾರ ಹೋಯಿತು. ಬಹುಮತ ಪರೀಕ್ಷೆಗೆ ವಿಧಾನಸಭೆಯೇ ಜಾಗ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಒಂದು ಚುನಾವಣೆ ಮುಗಿದು ಬೇರೆಯವರ ಆಡಳಿತ ನಡೆದಿತ್ತು. ಬೊಮ್ಮಾಯಿಯವರಿಗೆ ಸಿಕ್ಕಿದ್ದು ತೀರ್ಪಿನ ಮೇಲೆ ತಮ್ಮ ಹೆಸರು ಮಾತ್ರ.

ದಿನನಿತ್ಯದ ಆಡಳಿತದಲ್ಲಿ ನೀವು ಹೇಳಿದ್ದೇ ಸರಿ. ಕಾರ್ಯಾಂಗದ ಅಧಿಕಾರವೆಲ್ಲ ರಾಜ್ಯಪಾಲರದ್ದು ಎಂದು ಸಂವಿಧಾನದ 154ನೇ ವಿಧಿ ದೊಡ್ಡದಾಗಿ ಹೇಳಿದರೂ, 163ನೆಯದು ಅವರನ್ನು ಮಂತ್ರಿಮಂಡಲದ ಸಲಹೆಗೆ ಕಟ್ಟಿಹಾಕುತ್ತದೆ. 1956ರಲ್ಲಿ ಏಕೀಕೃತ ಮೈಸೂರಿಗೆ ರಾಜ್ಯಪಾಲರಾದವರು ಜಯಚಾಮರಾಜೇಂದ್ರ ಒಡೆಯರ್. ಸಿಂಹಾಸನದ ಮೇಲೆ ಕುಳಿತು ಆಳಿದ್ದ ಅರಸರು. ಸರ್ಕಾರ ನಡೆಸಿದ್ದು ಮಾತ್ರ ಚಿತ್ರದುರ್ಗದ ವಕೀಲ ನಿಜಲಿಂಗಪ್ಪ!

ಹಾಗಾದರೆ ಅಧಿಕಾರ ಇರುವುದೆಲ್ಲಿ? ನನ್ನ ಮಟ್ಟಿಗೆ, ಸಮಯದಲ್ಲಿ. ಯಾರಿಗೂ ಬಹುಮತ ಬಾರದ ಆ ಕೆಲವು ದಿನಗಳಲ್ಲಿ ಮೊದಲು ಯಾರನ್ನು ಕರೆಯಬೇಕು, ಎಷ್ಟು ದಿನ ಕೊಡಬೇಕು ಎಂಬುದೇ ಎಲ್ಲ. 2018ರಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಬಹುಮತ ತೋರಿಸಲು ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ನ್ಯಾಯಾಲಯ ಅದನ್ನು ಮೊಟಕುಗೊಳಿಸಿತು; ವಿಶ್ವಾಸಮತಕ್ಕೆ ಮೊದಲೇ ಮುಖ್ಯಮಂತ್ರಿ ರಾಜೀನಾಮೆಯಿತ್ತರು. ಹದಿನೈದೂ ದಿನ ಸಿಕ್ಕಿದ್ದರೆ ರೆಸಾರ್ಟ್‌ಗಳಲ್ಲಿ ಏನೇನು ನಡೆಯುತ್ತಿತ್ತೋ, ನೀವೇ ಊಹಿಸಿ.

ಮಸೂದೆಗಳದ್ದೂ ಇದೇ ಕಥೆ. ಅಂಕಿತ ಹಾಕಬಹುದು, ವಾಪಸ್ ಕಳುಹಿಸಬಹುದು, ರಾಷ್ಟ್ರಪತಿಗಳಿಗೆ ಕಾಯ್ದಿರಿಸಬಹುದು. ಇವು ಮೂರನ್ನೂ ಮಾಡದೆ ಮೇಜಿನ ಮೇಲಿಟ್ಟುಕೊಂಡರೆ? ತಮಿಳುನಾಡಿನ 10 ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಎಂದು 2025ರ ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಹೇಳಿ, ಗಡುವನ್ನೂ ಹಾಕಿದರು. ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠದ ಅಭಿಪ್ರಾಯ ಬೇರೆಯಾಯಿತು: ಗಡುವು ಹಾಕುವಂತಿಲ್ಲ, ಅಂಕಿತ ತಾನಾಗಿ ಬಿತ್ತೆಂದು ಭಾವಿಸುವಂತಿಲ್ಲ, ಆದರೆ ಕಾರಣವಿಲ್ಲದೆ ತೀರಾ ತಡಮಾಡಿದರೆ, ಏನಾದರೊಂದು ನಿರ್ಧರಿಸಿ ಎಂದು ನ್ಯಾಯಾಲಯ ಸೂಚಿಸಬಹುದು. ‘ತೀರಾ’ ಎಂದರೆ ಎಷ್ಟು ತಿಂಗಳು ಎಂಬುದಕ್ಕೆ ಅಳತೆಯಿಲ್ಲ.

ವಾಪಸ್ ಕಳುಹಿಸುವುದೆಲ್ಲ ಕುತಂತ್ರ ಎನ್ನುತ್ತಿಲ್ಲ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರಚಂದ್ ಗೆಹಲೋತ್ ಆಕ್ಷೇಪ ಬರೆದು ಮರಳಿಸಿದರು. ಸರ್ಕಾರ ವಿವರಣೆ ಕೊಟ್ಟ ಮೇಲೆ ಅದೇ ತಿಂಗಳು ಅಂಕಿತ ಹಾಕಿದರು. ಪ್ರಶ್ನೆ ಕೇಳಿ, ಉತ್ತರ ಪಡೆದು, ಕೆಲಸ ಮುಗಿಸಿದರು. ಇದಕ್ಕೆ ಯಾರ ತಕರಾರೂ ಇರಬೇಕಿಲ್ಲ.

ನಿಮ್ಮ ಗೆಳೆಯರಿಗೆ 156ನೇ ವಿಧಿಯನ್ನೂ ಓದಿ ಹೇಳಿ. ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ರಾಜ್ಯಪಾಲರಿಗೆ ಆ ಹುದ್ದೆ. ರಾಷ್ಟ್ರಪತಿಗಳು ನಡೆಯುವುದು ಕೇಂದ್ರ ಸಂಪುಟದ ಸಲಹೆಯಂತೆ. ಬೆಂಗಳೂರಿನ ಸಂಪುಟದ ಮಾತು ಕೇಳಬೇಕಾದವರ ಕುರ್ಚಿ ದೆಹಲಿಯ ಸಂಪುಟದ ಕೈಯಲ್ಲಿದೆ. ಇತ್ತೀಚೆಗೆ ರಾಜಕೀಯದಲ್ಲಿ ಹೆಚ್ಚು ತೊಡಗಿಕೊಂಡವರನ್ನು ಈ ಹುದ್ದೆಗೆ ತರಬೇಡಿ ಎಂದು, ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿತ್ತು. ಅಲ್ಲಿಂದೀಚೆಗೆ ದೆಹಲಿಯಲ್ಲಿ ಎಷ್ಟೋ ಪಕ್ಷಗಳು ಬಂದು ಹೋದವು. ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದು ಒಂದೂ ಇಲ್ಲ.