‘ಮಾಹಿತಿ ಇದೆ, ವಾದ ಇಲ್ಲ’ ಎಂದರೆ ಏನು ಮಾಡಬೇಕು?

ಪ್ರಶ್ನೆ: ತತ್ವಶಾಸ್ತ್ರದಲ್ಲಿ ಬಿ.ಎ. ಓದುತ್ತಿದ್ದೇನೆ. ‘ಮನಸ್ಸು ದೇಹಕ್ಕಿಂತ ಬೇರೆ ಎಂಬ ಡೆಕಾರ್ಟ್ ವಾದವನ್ನು ವಿಮರ್ಶಿಸಿ’ ಎಂಬ ವಿಷಯಕ್ಕೆ ಆರು ಪುಟ ಬರೆದೆ. ಅವನ ಜೀವನ, ಕೃತಿಗಳು, ಬೇರೆ ದಾರ್ಶನಿಕರ ಅಭಿಪ್ರಾಯ ಎಲ್ಲ ಸೇರಿಸಿ, ‘ಎರಡೂ ಕಡೆ ಸತ್ಯವಿದೆ’ ಎಂದು ಮುಗಿಸಿದ್ದೆ. ಮೇಡಂ ‘ಮಾಹಿತಿ ಇದೆ, ವಾದ ಇಲ್ಲ’ ಎಂದು ಬರೆದು ಕಡಿಮೆ ಅಂಕ ಕೊಟ್ಟಿದ್ದಾರೆ. ಹೇಗೆ ತಿದ್ದಲಿ, ಸರ್?

ಉತ್ತರ: ಮೊದಲು ಜೀವನ ಚರಿತ್ರೆಯನ್ನು ಪೂರ್ತಿ ತೆಗೆದುಬಿಡಿ. ಮೇಡಂ ಕೇಳಿದ್ದು ಡೆಕಾರ್ಟ್ ಯಾರು ಎಂದಲ್ಲ, ಅವನ ವಾದ ನಿಲ್ಲುತ್ತದೆಯೇ ಎಂದು. ಆ ವಾದವನ್ನು ನಿಮ್ಮದೇ ಮಾತಿನಲ್ಲಿ ಬಿಡಿಸಿ ಬರೆಯಿರಿ. 1637ರಲ್ಲಿ ಅವನು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ನನಗೆ ದೇಹವೇ ಇಲ್ಲವೆಂದು ಊಹಿಸಿಕೊಳ್ಳಬಲ್ಲೆ, ನಾನೇ ಇಲ್ಲವೆಂದು ಊಹಿಸಿಕೊಳ್ಳಲಾರೆ, ಆದ್ದರಿಂದ ನಾನು ದೇಹವಲ್ಲ.

ಈಗ ಆ ‘ಆದ್ದರಿಂದ’ವನ್ನು ಹಿಡಿದುಕೊಳ್ಳಿ. ರಾಜ್‌ಕುಮಾರ್ ನಟ ಎಂಬುದು ಒಬ್ಬರಿಗೆ ಖಚಿತವಾಗಿ ಗೊತ್ತು. ಮುತ್ತುರಾಜ್ (ರಾಜ್‌ಕುಮಾರ್ ಅವರದೇ ಮೊದಲ ಹೆಸರು) ನಟನೋ ಅಲ್ಲವೋ ಎಂಬ ಸಂದೇಹವಿದೆ. ಅಷ್ಟಕ್ಕೇ ಅವರು ಇಬ್ಬರು ವ್ಯಕ್ತಿಗಳಾಗಿಬಿಡುತ್ತಾರೆಯೇ? ಕೊರತೆ ಇರುವುದು ಕೇಳುವವರ ತಿಳಿವಳಿಕೆಯಲ್ಲಿ. ಈ ಒಂದು ಆಕ್ಷೇಪವನ್ನು ಒಂದು ಪುಟ ಬೆಳೆಸಿದರೆ, ಹತ್ತು ದಾರ್ಶನಿಕರ ಹೆಸರು ಪಟ್ಟಿ ಮಾಡಿದ್ದಕ್ಕಿಂತ ಹೆಚ್ಚು ಬೆಲೆ.

ಅಲ್ಲಿಗೇ ನಿಲ್ಲಿಸಬೇಡಿ, ಡೆಕಾರ್ಟ್ ಪರವಾಗಿ ನೀವೇ ಉತ್ತರ ಕೊಡಿ. 1641ರ ‘ಮೆಡಿಟೇಶನ್ಸ್’ನಲ್ಲಿ ಅವನು ಸಂದೇಹವೊಂದನ್ನೇ ನೆಚ್ಚಿಕೊಳ್ಳದೆ, ದೇಹವನ್ನು ಬಿಟ್ಟು ಮನಸ್ಸನ್ನು ಸ್ಪಷ್ಟವಾಗಿ ಗ್ರಹಿಸಬಲ್ಲೆ ಎಂಬ ನೆಲೆಯಿಂದ ವಾದಿಸುತ್ತಾನೆ. ಆ ಪುಸ್ತಕದ ಜೊತೆಗೇ ಹಾಬ್ಸ್, ಆರ್ನೋ ಮೊದಲಾದ ಸಮಕಾಲೀನ ಚಿಂತಕರ ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಅಚ್ಚು ಹಾಕಿಸಿದ. ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಮಂಡಿಸಿಯೇ ತಮ್ಮ ಸಿದ್ಧಾಂತಕ್ಕೆ ಬರುವ ನಮ್ಮ ಭಾಷ್ಯಕಾರರ ಶಿಸ್ತೂ ಇದೇ. ಆರ್ನೋ ಕೇಳಿದ: ತ್ರಿಭುಜವೊಂದು ಲಂಬಕೋನದ್ದು ಎಂದು ಸ್ಪಷ್ಟವಾಗಿ ಕಂಡವನೂ ಪೈಥಾಗೊರಸ್ ಪ್ರಮೇಯವನ್ನು ಸಂದೇಹಿಸಬಹುದು, ಹಾಗೆಂದು ಆ ಗುಣ ತ್ರಿಭುಜದ್ದಲ್ಲ ಎನ್ನಲಾದೀತೇ? ಬಹಳ ಗಟ್ಟಿ ಪ್ರಶ್ನೆ. ನನಗಂತೂ ಡೆಕಾರ್ಟ್ ಕೊಟ್ಟ ಉತ್ತರ ಸಾಲದೆನಿಸುತ್ತದೆ. ಅದನ್ನು ಓದಿ, ಸಾಕೆನಿಸಿದರೆ ಕಾರಣ ಕೊಟ್ಟು ಹಾಗೆಯೇ ಬರೆಯಿರಿ. ನನ್ನ ಅಭಿಪ್ರಾಯ ಒಪ್ಪಬೇಕಿಲ್ಲ.

‘ಎರಡೂ ಕಡೆ ಸತ್ಯವಿದೆ’ ಎಂಬ ಸಾಲು ಬೇಡ. ‘ಈ ವಾದದಿಂದ ಮನಸ್ಸು ಬೇರೆ ಎಂದು ಸಿದ್ಧವಾಗುವುದಿಲ್ಲ’ ಎಂದರೆ ಸಾಕು, ಮತ್ತು ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಆದರೆ ಮನಸ್ಸು ದೇಹವೇ ಎಂದು ಇದರಿಂದ ಸಿದ್ಧವಾಯಿತು ಎಂದು ಮಾತ್ರ ಬರೆಯಬೇಡಿ. ಅನೇಕರು ಎಡವುವುದು ಅಲ್ಲೇ; ಅದಕ್ಕೆ ಬೇರೆಯದೇ ವಾದ ಬೇಕು.