ಬೀಜ ಡಬ್ಬಿಯಲ್ಲಿದ್ದರೆ ಸಾಕೇ?

ಪ್ರಶ್ನೆ: ಅಳಿವಿನಂಚಿನ ಗಿಡಗಳ ಬೀಜವನ್ನು ಶೀತಾಗಾರದಲ್ಲಿ ಕೂಡಿಟ್ಟರೆ ಆಯಿತಲ್ಲ, ಅವು ಬೆಳೆಯುವ ಜಾಗವನ್ನೂ ಕಾಯಬೇಕೆಂದು ಏಕೆ ಹಟ?

ಉತ್ತರ: ಕೂಡಿಡಬೇಕು, ತಕರಾರಿಲ್ಲ. ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿಟ್ಟ ಎಷ್ಟೋ ಬೀಜಗಳು ದಶಕಗಟ್ಟಲೆ ಬದುಕುತ್ತವೆ. ಆದರೆ ಒಣಗಲು ಎಲ್ಲವೂ ಒಪ್ಪುವುದಿಲ್ಲ. ಮಾವು, ಕೋಕೋ, ಓಕ್ ಬೀಜಗಳಲ್ಲಿ ನೀರು ಆರಿತೆಂದರೆ ಜೀವವೂ ಆರಿತು. ಇದನ್ನು ನಾನು ಓದಿ ಕಲಿತವನಲ್ಲ. ಒಮ್ಮೆ ನಾಲ್ಕು ಮಾವಿನ ಓಟೆಗಳನ್ನು ಕಾಗದದಲ್ಲಿ ಸುತ್ತಿ, ತಾರೀಖು ಬರೆದು ಬೀರುವಿನಲ್ಲಿ ಜೋಪಾನ ಮಾಡಿದ್ದೆ. ಆರು ತಿಂಗಳ ಮೇಲೆ ಕೈಗೆತ್ತಿಕೊಂಡರೆ ಗಿಲಕಿಯಂತೆ ಸದ್ದು! ಒಡೆದಾಗ ಒಳಗೆ ಮುದುಡಿದ ಕಂದು ಚೂರು. ನಾನು ಬರೆದ ತಾರೀಖು ಮಾತ್ರ ಕೆಟ್ಟಿರಲಿಲ್ಲ.

ಇನ್ನು ಬೀಜವನ್ನೇ ಕಟ್ಟದ ಗಿಡಕ್ಕೆ ಏನು ಮಾಡುವುದು? ದಕ್ಷಿಣ ಆಫ್ರಿಕಾದ ಎನ್‌ಗೋಯೆ ಕಾಡಿನ ಅಂಚಿನಲ್ಲಿ 1895ರಲ್ಲಿ ಸಸ್ಯವಿಜ್ಞಾನಿ ಜಾನ್ ಮೆಡ್ಲಿ ವುಡ್ ಅವರಿಗೆ ಒಂದು ಸೈಕಾಡ್ ಸಿಕ್ಕಿತು; ನೋಡಲು ತಾಳೆಯಂತಿರುವ, ಹೂವಿನ ಬದಲು ಶಂಕು ಬಿಡುವ ಗಿಡ. ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸಿಕ್ಕಿದ್ದು ಗಂಡು. ಹೆಣ್ಣು ಇಂದಿಗೂ ಸಿಕ್ಕಿಲ್ಲ. ಎನ್ಸೆಫಲಾರ್ಟೊಸ್ ವುಡಿಐ ಎಂಬ ಹೆಸರಿನಲ್ಲಿ ಸಸ್ಯೋದ್ಯಾನಗಳಲ್ಲಿ ಇಂದು ನಿಂತಿರುವವೆಲ್ಲ ಆ ಒಂದೇ ಗಿಡದ ಕಾಂಡಗಳು, ಬುಡದ ಮರಿಗಳು ಮತ್ತು ಅವುಗಳ ಪೀಳಿಗೆ. ಸೊಂಪಾಗಿವೆ, ಕಿತ್ತಳೆ ಬಣ್ಣದ ದೊಡ್ಡ ಶಂಕುಗಳನ್ನು ಬಿಡುತ್ತವೆ, ಪರಾಗ ಉದುರಿಸುತ್ತವೆ, ಸುಮ್ಮನಾಗುತ್ತವೆ. ಹತ್ತಿರದ ಜಾತಿಯ ಹೆಣ್ಣಿನೊಂದಿಗೆ ಕೂಡಿಸಿ ಬೆರಕೆ ಸಸಿಗಳನ್ನು ಪಡೆದಿದ್ದಾರೆ, ಆ ಕಾಡಿನ ಮೇಲೆ ಡ್ರೋನ್ ಹಾರಿಸಿಯೂ ಹುಡುಕಿದ್ದಾರೆ. ಇಂಥದ್ದನ್ನು ಉಳಿದ ಗಿಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಹವಾಯಿಯ ಕಡಿದಾದ ಬಂಡೆಗಳ ಮೇಲೆ ಬೆಳೆಯುತ್ತಿದ್ದ ಅಲುಲಾ ಗಿಡದ ಕಥೆ ಇನ್ನೊಂದು ಬಗೆಯದು. ಅದರ ಹೂವು ಉದ್ದನೆಯ ಕೊಳವೆಯಂತೆ. ಅಷ್ಟು ಆಳಕ್ಕೆ ನಾಲಿಗೆ ಚಾಚುವ ಪತಂಗ ಕಾಣೆಯಾಯಿತೆಂದು ನಂಬಲಾಗಿದೆ. ಸಸ್ಯವಿಜ್ಞಾನಿಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಕುಂಚದಿಂದ ಹೂವಿನಿಂದ ಹೂವಿಗೆ ಪರಾಗ ಸವರಿದರು. ಬೀಜದ ಜೊತೆಗೆ ಪತಂಗವನ್ನೂ ಡಬ್ಬಿಗೆ ತುಂಬಲಾದೀತೇ? ಜಾಗವನ್ನು ಕಾಯಿರಿ ಎನ್ನುವುದು ಅದಕ್ಕೆ.

ಪ್ರಶ್ನೆ: ಕಾಡಿನಲ್ಲಿ ಅಪರೂಪದ ಗಿಡ ಕಂಡರೆ ಮನೆಗೆ ತಂದು ಸಾಕಬಹುದೇ?

ಉತ್ತರ: ಬೇಡ. ರುವಾಂಡಾದ ಬಿಸಿನೀರಿನ ಬುಗ್ಗೆಯ ಬದಿಯ ಪುಟ್ಟ ನೈದಿಲೆಯೊಂದನ್ನು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕಷ್ಟಪಟ್ಟು ಬೆಳೆಸಿದ್ದರು. 2014ರ ಜನವರಿಯಲ್ಲಿ ಅದರಲ್ಲೊಂದನ್ನು ಯಾರೋ ಕಿತ್ತೊಯ್ದರು. ಅವರಿಗೂ ಗಿಡದ ಮೇಲೆ ಪ್ರೀತಿಯೇ ಇದ್ದಿರಬಹುದು! ನೀವು ಫೋಟೊ ತೆಗೆದು ಸಸ್ಯವಿಜ್ಞಾನಿಯೊಬ್ಬರಿಗೆ ಕಳುಹಿಸಿ. ಅದನ್ನೇ ಊರಿಗೆಲ್ಲ ಹಂಚುವ ಆಸೆಯಾದರೆ, ಮೊದಲು ಫೋಟೊದಲ್ಲಿ ಮೊಬೈಲ್ ಸೇರಿಸಿರುವ ಸ್ಥಳದ ವಿವರವನ್ನು ಅಳಿಸಿಹಾಕಿ.